ಸಂತೇಬೆನ್ನೂರಿನ ಹೊಂಡದ ದಂಡೆಯಲ್ಲಿ

ದಾವಣಗೆರೆಯಿಂದ ಸಂತೇಬೆನ್ನೂರಿಗೆ ಸುಮಾರು 40 ಕಿಲೋಮೀಟರಿನ ಹಾದಿ. ಅಡಿಕೆ ತೋಟಗಳನ್ನೂ ತೆಂಗಿನ ಸಾಲುಗಳನ್ನೂ ನೋಡುತ್ತ ಬಂದ ಪ್ರವಾಸಿಗೆ ಊರು ಮೊದಲ ನೋಟಕ್ಕೆ ಏನನ್ನೂ ತೋರಿಸದು. ಎಲ್ಲ ಊರುಗಳಲ್ಲಿರುವಂತಹ ಅಂಗಡಿ ಬೀದಿ, ಬಸ್ಸಿಗಾಗಿ ಕಾದು ನಿಂತ ಜನ, ಚಹದಂಗಡಿಯ ಹೊಗೆ. ಇವನ್ನು ದಾಟಿ ನಾಲ್ಕು ಹೆಜ್ಜೆ ನಡೆದರೆ ನೆಲ ಒಮ್ಮೆಗೇ ಬಾಯ್ದೆರೆದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವುದು. ನಡುವೆ ನೀರು, ನೀರಿನ ನಡುವೆ ಕಲ್ಲಿನ ಮಂಟಪ.

ಈ ಹೊಂಡವನ್ನು ನೋಡಲೆಂದು ಇತ್ತೀಚೆಗೆ ಒಂದು ಮುಂಜಾನೆ ಇಬ್ಬರು ವೃದ್ಧರು ಬಾಡಿಗೆ ಕಾರಿನಿಂದ ಇಳಿದರು. ಒಬ್ಬರು ನಿವೃತ್ತ ಉಪಾಧ್ಯಾಯರು. ಮತ್ತೊಬ್ಬರು ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದು, ಗಿರಣಿ ನಿಂತ ಮೇಲೆ ಹೊಲಿಗೆಯ ಅಂಗಡಿ ಇಟ್ಟವರು. ಜೊತೆಯಲ್ಲಿ ಬೆಂಗಳೂರಿನಿಂದ ರಜೆಗೆ ಬಂದಿದ್ದ ಮೇಷ್ಟರ ಮೊಮ್ಮಗಳು. 1964ರಲ್ಲಿ ಶಾಲೆಯ ಪ್ರವಾಸದಲ್ಲಿ ಇಬ್ಬರೂ ಇಲ್ಲಿಗೆ ಬಂದಿದ್ದರು. ಆಗ ಇದು ಶಿವಮೊಗ್ಗ ಜಿಲ್ಲೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಊರು ಕುಳಿತಲ್ಲೇ ಕುಳಿತು ಜಿಲ್ಲೆ ಬದಲಿಸಿತು.

ಹೊಂಡದ ಉದ್ದ ಸುಮಾರು 250 ಅಡಿ. ಅಗಲ ಅದಕ್ಕಿಂತ ತುಸು ಕಡಿಮೆ. ಆಳ ಸುಮಾರು 30 ಅಡಿ. ಅಂಚಿನಲ್ಲಿ ಎಂಟು ದಿಕ್ಕುಗಳಿಗೆ ಎಂಟು ಮಂಟಪಗಳಿದ್ದವಂತೆ. ಈಗ ಉಳಿದಿರುವುವು ಆರು. ಆದರೆ ನೋಡುವವರ ಕಣ್ಣು ಇವುಗಳ ಮೇಲೆ ನಿಲ್ಲುವುದಿಲ್ಲ, ನಡುನೀರಿನ ವಸಂತ ಮಂಟಪಕ್ಕೇ ಓಡುವುದು. ಅಂತಸ್ತಿನ ಮೇಲೆ ಅಂತಸ್ತಾಗಿ ಕಿರಿದಾಗುತ್ತ ಏರುವ ಆ ಕಟ್ಟಡ ಗಾಳಿಯಿಲ್ಲದ ಹೊತ್ತಿನಲ್ಲಿ ನೀರೊಳಗೂ ಅಷ್ಟೇ ಎತ್ತರ ತಲೆಕೆಳಗಾಗಿ ನಿಂತಿರುವುದು. ಮಳೆ ಕೈಕೊಟ್ಟ ವರ್ಷ ನೀರು ತಳ ಸೇರಿದಾಗ ಅದರ ಬುಡದ ಕಟ್ಟೆಯೂ ಹೊರಗೆ ಕಾಣುವುದು. ಇದನ್ನು ಕಟ್ಟಿಸಿದವನು ಹದಿನಾರನೆಯ ಶತಮಾನದ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ. ಹನುಮಪ್ಪನೆಂಬ ಹೆಸರು ಈ ವಂಶದಲ್ಲಿ ಮತ್ತೆ ಮತ್ತೆ ಬರುವುದು. ಮುಂದೆ ಇವರು ತರೀಕೆರೆಯಲ್ಲಿ ನೆಲೆಸಿದರು, 1830ರ ನಗರದ ದಂಗೆಯಲ್ಲಿ ಕಾಣಿಸಿಕೊಂಡ ಸರ್ಜಾ ಹನುಮಪ್ಪ ನಾಯಕನೂ ಇದೇ ಮನೆತನದವನು.

"ಅಜ್ಜಾ, ದೇವಸ್ಥಾನ ಎಲ್ಲಿದೆ?" ಎಂದಳು ಹುಡುಗಿ. ಇಷ್ಟು ದೊಡ್ಡ ಪುಷ್ಕರಣಿಯಿದ್ದ ಮೇಲೆ ಗುಡಿ ಇರಲೇಬೇಕಲ್ಲವೆ? ಪ್ರಶ್ನೆ ಸರಿಯಾಗಿಯೇ ಇತ್ತು. ಮೇಷ್ಟರು ಉತ್ತರ ಹೇಳಲಿಲ್ಲ.

ಅವರು ಸುಮ್ಮನಾದುದಕ್ಕೆ ಕಾರಣವಿತ್ತು. ಹೊಂಡದ ಮಗ್ಗುಲಲ್ಲೇ ಬೆಣಚುಕಲ್ಲಿನ ದೊಡ್ಡದೊಂದು ಕಟ್ಟಡವಿದೆ. ಸಾಲಾಗಿ ಕಮಾನುಗಳು, ಒಳಗೆ ನೆರಳು. ಅದರ ಹೆಸರು ಮುಸಾಫಿರ್ ಖಾನೆ. 1964ರಲ್ಲಿ ಅದರ ಮುಂದೆ ನಿಂತು ಊರಿನ ಕಥೆಯನ್ನು ಕೈ ಬೀಸಿ ಬೀಸಿ ಹೇಳಿದವರು ಈ ಮೇಷ್ಟರೇ. ಬಿಜಾಪುರದ ಸೇನಾಪತಿ ಗುಡಿ ಕೆಡವಿದ, ನಾಯಕ ಸೇಡು ತೀರಿಸಿಕೊಂಡ ಎಂದಾಗ ಹುಡುಗರು ಕೇಕೆ ಹಾಕಿದ್ದರು. ತರಗತಿಯ ಒಬ್ಬನೇ ಮುಸಲ್ಮಾನ ಹುಡುಗ ಒಳಗೆ ಬರದೆ ಹೊಂಡದ ಮೆಟ್ಟಿಲ ಮೇಲೆ ಹೋಗಿ ಕುಳಿತಿದ್ದ. ಆ ಮಾತನ್ನು ಇಬ್ಬರೂ ಅಂದಿನಿಂದ ಇಂದಿನವರೆಗೆ ಎತ್ತಿರಲಿಲ್ಲ. ಮನೆಯ ಮದುವೆ, ಸಾವು, ಹಬ್ಬಗಳಿಗೆ ಒಬ್ಬರ ಮನೆಗೊಬ್ಬರು ಹೋಗುತ್ತಲೇ ಬಂದಿದ್ದರೂ ಎತ್ತಿರಲಿಲ್ಲ.

"ನೀ ಸುಮ್ನಿರಪ್ಪ, ನಾ ಹೇಳ್ತೀನಿ" ಎಂದರು ಗೆಳೆಯರು. ಹುಡುಗಿಯನ್ನು ಮೆಟ್ಟಿಲ ಮೇಲೆ ಕೂರಿಸಿ ಏನನ್ನೂ ಬಿಡದೆ ಹೇಳಿದರು. ಹೊಂಡದ ಎದುರು ಗುಡಿಯಿತ್ತು; ರಂಗನಾಥನದೆಂದು ಕೆಲವರು, ರಾಮಚಂದ್ರನದೆಂದು ಕೆಲವರು. ಬಿಜಾಪುರದ ರಣದುಲ್ಲಾ ಖಾನ್ ದಂಡೆತ್ತಿ ಬಂದ. 1637ರಲ್ಲಿ ಇಕ್ಕೇರಿಯ ಮೇಲೆ, ಮರುವರ್ಷ ಬೆಂಗಳೂರಿನ ಮೇಲೆ ಏರಿ ಹೋದವನೂ ಅವನೇ. ಗುಡಿ ಬಿತ್ತು, ಆ ಜಾಗದಲ್ಲಿ ಈ ಕಟ್ಟಡ ಎದ್ದಿತು. ನಾಯಕ ತಿರುಗಿ ಬಂದು ಖಾನನ ಅಧಿಕಾರಿಯನ್ನು ಕೊಂದು ಮಸೀದಿಯನ್ನು ಮೈಲಿಗೆ ಮಾಡಿದನೆಂದೂ, ಅಲ್ಲಿಂದಾಚೆ ಅಲ್ಲಿ ನಮಾಜು ನಡೆಯಲಿಲ್ಲವೆಂದೂ ಪ್ರತೀತಿ.

"ಹಾಗಾದರೆ ಇಬ್ಬರಿಗೂ ಸಿಗಲಿಲ್ಲ" ಎಂದಳು ಹುಡುಗಿ.

"ಮುಸಾಫಿರ ಅಂದ್ರೆ ದಾರಿಹೋಕ, ಕೂಸೆ. ಅವರಿಗೆ ಸಿಕ್ತು."

ಈ ಸ್ಥಳದಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಪ್ರವಾಸಿಗಳಲ್ಲಿ ಹೆಚ್ಚಿನವರು ಅದನ್ನು ನೋಡದೆಯೇ ಹೋಗುವರು. ಮುಸಾಫಿರ್ ಖಾನೆಯ ಕಮಾನುಗಳನ್ನು ನೋಡಿ, ತಿರುಗಿ ವಸಂತ ಮಂಟಪದತ್ತ ಕಣ್ಣು ಹಾಯಿಸಿದರೆ ಅಲ್ಲಿಯೂ ಕಮಾನುಗಳೇ. ಹಿಂದೂ ಪಾಳೆಯಗಾರನೊಬ್ಬನು ತನ್ನ ದೇವರ ಹೊಂಡದ ನಡುವೆ ಎತ್ತಿಸಿದ ಮಂಟಪಕ್ಕೆ ಬಿಜಾಪುರದ ಸೀಮೆಯ ಶೈಲಿ ಬಂದದ್ದು ಹೇಗೆ? ಸೋಜಿಗವೇನಲ್ಲ. ಹಂಪೆಯ ಕಮಲ ಮಹಲಿನಲ್ಲಿಯೂ ಇಂತಹ ಬೆರಕೆಯೇ ಇದೆ. ದಂಡು ಬರುವುದಕ್ಕೆ ಎಷ್ಟೋ ಮೊದಲೇ ಕಮಾನು ಕಟ್ಟುವ ಕೈಗಳು ಈ ನಾಡಿನಲ್ಲಿ ಓಡಾಡುತ್ತಿದ್ದವು. ನಾಯಕನಿಗೆ ಅದು ಚೆಂದ ಕಂಡಿತು, ಕಟ್ಟಿಸಿದ. ಶಾಲೆಯ ಹುಡುಗನಿಗೆ ಇದನ್ನು ಯಾರೂ ತೋರಿಸಿರಲಿಲ್ಲ. ಎರಡೂ ಕಟ್ಟಡಗಳು ಇಂದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ.

ಮೇಷ್ಟರು ಮೆಲ್ಲಗೆ ಕೇಳಿದರು: "ಆವತ್ತು ನಿಂಗೆ ಬೇಜಾರಾಗಿತ್ತಲ್ಲೇನೋ?"

ಗೆಳೆಯರು ನೀರಿನ ಕಡೆ ನೋಡುತ್ತಲೇ ಹೇಳಿದರು: "ಆಗಿತ್ತು. ಮನೀಗೆ ಹೋಗಿ ಅಬ್ಬಾಗೂ ಹೇಳ್ಲಿಲ್ಲ. ಇಲ್ಲೇ ಕೂತು ಮೆಟ್ಲು ಎಣಿಸ್ತಿದ್ದೆ. ಎಲ್ಲಿತನಕ ಎಣಿಸಿದೆ ಅನ್ನೋದು ಮರ್ತೇ ಹೋತು."

ಆಮೇಲೆ ಎದ್ದು, ಚಪ್ಪಲಿ ಬಿಟ್ಟು, ಹುಡುಗಿಯ ಕೈ ಹಿಡಿದು ಮುಸಾಫಿರ್ ಖಾನೆಯೊಳಗೆ ಹೋದರು. ಮೇಷ್ಟರು ತುಸು ಹೊತ್ತು ಹೊರಗೇ ನಿಂತಿದ್ದರು. ಒಳಗಿನಿಂದ "ಬಾರೋ, ಒಳಗ ತಂಪೈತಿ" ಎಂಬ ಕೂಗು ಬಂದ ಮೇಲೆ ತಾವೂ ಚಪ್ಪಲಿ ಕಳಚಿದರು.

ಮಧ್ಯಾಹ್ನದ ಊಟಕ್ಕೆ ಚನ್ನಗಿರಿ, ಸಂಜೆಗೆ ಸೂಳೆಕೆರೆ. ಕೆಳದಿಯ ಚೆನ್ನಮ್ಮನ ಹೆಸರನ್ನು ಹೊತ್ತ ಊರಿನ ಗುಡ್ಡದ ಕೋಟೆಯನ್ನು ಏರುವ ಶಕ್ತಿ ಮೊಣಕಾಲುಗಳಿಗೆ ಇರಲಿಲ್ಲ, ಕೆಳಗಿನಿಂದಲೇ ಕೈಮುಗಿದದ್ದಾಯಿತು. ಶಾಂತಿಸಾಗರವೆಂದೂ ಕರೆಯುವ ಸೂಳೆಕೆರೆಯ ವಿಸ್ತಾರವನ್ನು ಕಂಡವರಿಗೆ ಅದನ್ನು ತಡೆದು ನಿಲ್ಲಿಸಿರುವ ಏರಿ ಎರಡು ಗುಡ್ಡಗಳ ನಡುವಣ ಸಾವಿರ ಅಡಿಗೂ ಕಡಿಮೆ ಉದ್ದದ್ದೆಂದರೆ ನಂಬಿಕೆ ಬಾರದು. ಸಿದ್ಧನ ತೂಬು, ಬಸವನ ತೂಬು ಎಂದು ಮೇಷ್ಟರು ಬೆರಳು ಮಾಡಿ ತೋರಿಸಿದರು.

ಹುಡುಗಿಗೆ ಅದೊಂದೂ ಬೇಕಿರಲಿಲ್ಲ. ಹೊಂಡದ ಒಂದು ಬದಿಯ ಮೆಟ್ಟಿಲುಗಳನ್ನು ನೀರಿನ ಅಂಚಿನವರೆಗೂ ಎಣಿಸಿ ಬಂದಿದ್ದಳು. ಎಣಿಕೆ ಇಬ್ಬರು ಅಜ್ಜಂದಿರದಕ್ಕೂ ತಾಳೆಯಾಗದೆ ದಾವಣಗೆರೆ ಬರುವವರೆಗೂ ಕಾರಿನಲ್ಲಿ ಜಗಳ ನಡೆದಿತ್ತು.