ಕಾಪಿ ಕೊಡಲು ಹೋಗುವ ದಾರಿ

ಬೆಂಗಳೂರಿನ ಗೋವಿಂದರಾಜನಗರದ ಗಲ್ಲಿಗಳಲ್ಲಿ ನಾನು ಕ್ಯಾಮೆರಾ ಹಿಡಿದು ಸುತ್ತತೊಡಗಿದ್ದು ಎಂಬತ್ತರ ದಶಕದ ಕೊನೆಯಲ್ಲಿ. ಆಗ ಆ ಭಾಗವೆಲ್ಲ ಬಿನ್ನಿಪೇಟೆ ವಿಧಾನಸಭಾ ಕ್ಷೇತ್ರಕ್ಕೆ ಸೇರಿತ್ತು. ಗೋವಿಂದರಾಜನಗರದ ಹೆಸರಿನಲ್ಲೇ ಒಂದು ಕ್ಷೇತ್ರವಾದದ್ದು 2008ರಲ್ಲಿ. ಭಾನುವಾರ ಬೆಳಿಗ್ಗೆ ಮಾಗಡಿ ರಸ್ತೆಯ ಟೋಲ್‌ಗೇಟ್‌ನಲ್ಲಿ ಬಸ್ಸಿಳಿದು ಹೊಸಹಳ್ಳಿ, ವಿಜಯನಗರ ದಾಟಿ ಮೂಡಲಪಾಳ್ಯದ ತನಕ ನಡೆಯುತ್ತಿದ್ದೆ. ಬಿಸಿಲು ನೆತ್ತಿಗೇರಿದರೆ ಮುಖದ ಮೇಲೆ ನೆರಳು ಕಪ್ಪಾಗಿ ಬೀಳುತ್ತದೆ, ಅಷ್ಟರೊಳಗೆ ಕೆಲಸ ಮುಗಿಯಬೇಕು.

ಒಂದು ರೋಲಿಗೆ 36 ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಅಥವಾ ಪೂರ್ವ ಜರ್ಮನಿಯ ‘ಓರ್ವೊ’, ಎರಡೂ ಕಪ್ಪು ಬಿಳುಪು. ಒಂದೊಂದು ಚಿತ್ರಕ್ಕೂ ದುಡ್ಡಿನ ಲೆಕ್ಕವಿತ್ತು, ಹಾಗಾಗಿ ಕಂಡಕಂಡದ್ದಕ್ಕೆ ಗುಂಡಿ ಒತ್ತುವಂತಿರಲಿಲ್ಲ. ನಿಂತು ಮಾತಾಡಬೇಕಿತ್ತು. ಹೊಸ್ತಿಲ ಪಕ್ಕ ಮಣೆ ಇಟ್ಟುಕೊಂಡು ಊದುಬತ್ತಿ ಹೊಸೆಯುವ ಹೆಂಗಸರು, ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡಿನಿಂದ ರಾತ್ರಿ ಪಾಳಿ ಮುಗಿಸಿ ಬರುವ ಹುಡುಗರು, ಬೋರ್‌ವೆಲ್ ಪಂಪಿನ ಮುಂದೆ ಸಾಲಾಗಿ ಕಾಯುವ ಕೊಡಗಳು. ಹೊಸೆದ ಕರಿ ಬತ್ತಿಗಳನ್ನು ಮನೆಯ ಮುಂದೆ ಹರಡಿ ಒಣಗಿಸುತ್ತಿದ್ದರು. ಬತ್ತಿಯ ಆ ಕಪ್ಪು ಫಿಲ್ಮಿನಲ್ಲಿ ಎಷ್ಟು ಚೆನ್ನಾಗಿ ಮೂಡುತ್ತಿತ್ತೆಂದರೆ ಅದಕ್ಕಾಗಿಯೇ ನಾನು ಮತ್ತೆ ಮತ್ತೆ ಅದೇ ಬೀದಿಗೆ ಹೋಗಿದ್ದುಂಟು. ‘ನಮ್ದೂ ಒಂದ್ ತೆಗೀರಿ ಸಾರ್’ ಎಂದು ಕರೆಯುತ್ತಿದ್ದರು. ತೆಗೆದ ಮರುಕ್ಷಣ, ‘ಕಾಪಿ ಕೊಡ್ತೀರ ತಾನೆ?’

ರೋಲ್ ತೊಳೆಸುತ್ತಿದ್ದದ್ದು ಮಾಗಡಿ ರಸ್ತೆಯ ಬದಿಯ ಸಣ್ಣ ಸ್ಟುಡಿಯೋದಲ್ಲಿ. ಮುಂದಿನ ಕೋಣೆಯಲ್ಲಿ ಹೂದೋಟದ ಚಿತ್ರ ಬರೆದ ಪರದೆ, ಗೋಡೆಗೆ ಕನ್ನಡಿ, ಬಾಚಣಿಗೆ, ಮೊಳೆಗೆ ನೇತುಹಾಕಿದ ಒಂದು ಕೋಟು. ಕೆಲಸಕ್ಕೆ ಅರ್ಜಿ ಹಾಕುವವರೆಲ್ಲ ಆ ಒಂದೇ ಕೋಟಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಿಂದಿನ ಕತ್ತಲೆ ಕೋಣೆಯಲ್ಲಿ ಕೆಂಪು ಬಲ್ಬು, ಹೈಪೋ ವಾಸನೆ. ಯಜಮಾನರು ಸೀಸದ ಕಡ್ಡಿಯನ್ನು ಸೂಜಿಯಂತೆ ಹೆರೆದು ನೆಗೆಟಿವ್‌ನ ಮೇಲೆ ಟಚಿಂಗ್ ಮಾಡುತ್ತಿದ್ದರು. ಮುಖದ ಸಿಡುಬಿನ ಕಲೆ, ಕಣ್ಣಡಿಯ ಕಪ್ಪು ಅಲ್ಲೇ ಮಾಯವಾಗುತ್ತಿತ್ತು. ಅವರಷ್ಟು ತಾಳ್ಮೆಯ ಕೈ ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ನಿಜವಾದ ಕಲಿಕೆ ಮಾತ್ರ ಎರಡನೆಯ ಸುತ್ತಿನಲ್ಲಿ, ಕಾಪಿ ಕೊಡಲು ಹೋದಾಗ ಆದದ್ದು. ಮೊದಲ ದಿನ ಕಂಡ ಮುಖಕ್ಕೆ ಹೆಸರು ಗೊತ್ತಿರುತ್ತಿರಲಿಲ್ಲ, ಮನೆ ನಂಬರಂತೂ ಇಲ್ಲವೇ ಇಲ್ಲ. ಮೂಲೆಯ ಶೆಟ್ಟರ ಅಂಗಡಿಯಲ್ಲಿ ಫೋಟೋ ತೋರಿಸಿದರೆ, ‘ಓ ಇವ್ರಾ, ಮೂರನೇ ಕ್ರಾಸು, ನುಗ್ಗೆ ಮರದ ಮನೆ’ ಎನ್ನುತ್ತಿದ್ದರು. ಫೋಟೋವೇ ವಿಳಾಸ. ಆ ಮನೆಯಲ್ಲಿ ಕಾಫಿ ಕುಡಿಯದೆ ಎದ್ದು ಬರುವಂತಿರಲಿಲ್ಲ. ಯಾರು ಕುಣಿಗಲಿನಿಂದ ಬಂದವರು, ಯಾರು ಬಿನ್ನಿ ಮಿಲ್ಲಿನ ಕೆಲಸ ಹೋದ ಮೇಲೆ ಇಲ್ಲಿ ಅಂಗಡಿ ಇಟ್ಟವರು ಎಂಬುದೆಲ್ಲ ತಿಳಿಯುತ್ತಿದ್ದದ್ದು ಆಗ. ಒಮ್ಮೆ ಹೀಗೆ ಹೋದಾಗ ಚಿತ್ರದಲ್ಲಿದ್ದ ಅಜ್ಜಿ ತೀರಿಕೊಂಡು ವಾರವಾಗಿತ್ತು. ಅವರದು ಬೇರೆ ಫೋಟೋನೇ ಇರಲಿಲ್ಲ. ಮಗ ಆ ಗುಂಪಿನ ಚಿತ್ರವನ್ನು ಸ್ಟುಡಿಯೋಗೆ ಒಯ್ದ. ಯಜಮಾನರು ಅಜ್ಜಿಯ ಮುಖವೊಂದನ್ನೇ ಬಿಡಿಸಿ ದೊಡ್ಡದು ಮಾಡಿ, ಹಿನ್ನೆಲೆಗೆ ಬಣ್ಣ ಬಳಿದು ಕಟ್ಟು ಹಾಕಿಸಿಕೊಟ್ಟರು.

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡಿದ್ದವು. ನಮ್ಮ ಊರಿನಲ್ಲೇ 1971ರಿಂದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇದೆ, ಅಲ್ಲಿನ ಸ್ಪರ್ಧೆಗಳ ಗೌರವ ದೊಡ್ಡದು. ಅದೆಲ್ಲ ನನಗೆ ಆಸೆ ಹುಟ್ಟಿಸಿದ್ದು ಸುಳ್ಳಲ್ಲ. ಆದರೆ ಯಾವ ಪದಕವೂ ಆ ಅಜ್ಜಿಯ ಚಿತ್ರ ತೂಗಿದ ಗೋಡೆಯ ಮೊಳೆಗೆ ಸಮವೆಂದು ನನಗನ್ನಿಸಿಲ್ಲ.

ತೊಂಬತ್ತರ ದಶಕದಲ್ಲಿ ಕಲರ್ ಲ್ಯಾಬುಗಳು ಬಂದು ಮ್ಯಾಕ್ಸಿ ಸೈಜಿನ ಕಾಪಿ ಗಂಟೆಯೊಳಗೆ ಸಿಗತೊಡಗಿತು. ಕತ್ತಲೆ ಕೋಣೆ ಸಾಮಾನು ತುಂಬುವ ಕೋಣೆಯಾಯಿತು. ಆಮೇಲೆ ಡಿಜಿಟಲ್, ಅದರ ಹಿಂದೆಯೇ ಮೊಬೈಲು. ಸ್ಟುಡಿಯೋದ ಅನ್ನವಾಗಿದ್ದ ಪಾಸ್‌ಪೋರ್ಟ್ ಸೈಜ್ ಕೂಡ ಕರಗಿತು. 2010ರಲ್ಲಿ ಶುರುವಾದ ಆಧಾರ್‌ಗಾಗಲಿ, ಪಾಸ್‌ಪೋರ್ಟಿಗಾಗಲಿ ಮುಖವನ್ನು ಕೌಂಟರಿನಲ್ಲೇ ಹಿಡಿಯುತ್ತಾರೆ. 2012ರ ಜನವರಿಯಲ್ಲಿ ಕೊಡಾಕ್ ಕಂಪನಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿದ ಸುದ್ದಿ ಓದಿದಾಗ ನಮ್ಮ ಯಜಮಾನರು ಆಗಲೇ ಜೆರಾಕ್ಸ್, ಲ್ಯಾಮಿನೇಶನ್‌ಗೆ ತಿರುಗಿಯಾಗಿತ್ತು.

ಬೀದಿಯ ಬೆಳಕೂ ಬದಲಾಯಿತು. 20x30, 30x40ರ ಸೈಟುಗಳಲ್ಲಿ ಒಂದಂತಸ್ತಿನ ಮನೆಗಳಿದ್ದಾಗ ಬೆಳಗಿನ ಓರೆ ಬಿಸಿಲು ನೇರ ಹೊಸ್ತಿಲಿಗೆ ಬೀಳುತ್ತಿತ್ತು. ಈಗ ಅದೇ ಸೈಟಿನ ಮೇಲೆ ಮೂರು ನಾಲ್ಕು ಅಂತಸ್ತು, ಮೇಲಿಂದ ಚಾಚಿದ ಬಾಲ್ಕನಿ. ಬಿಸಿಲು ಗಲ್ಲಿಯ ನೆಲ ಮುಟ್ಟುವುದು ನಡುಹಗಲಿಗೆ, ಅದೂ ಅರೆಗಳಿಗೆ. ಬತ್ತಿ ಒಣಗಿಸಲು ಜಾಗವೂ ಇಲ್ಲ, ಹೊಸೆಯುವವರೂ ವಿರಳ. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಗೆ ಮೆಟ್ರೋ ಓಡತೊಡಗಿತು. ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆಗಳಿಗೆ ನಿಲ್ದಾಣಗಳು ಬಂದವು. ಓಡಾಟಕ್ಕೆ ಅದು ದೊಡ್ಡ ಅನುಕೂಲ, ನಾನೂ ಅದರಲ್ಲೇ ಬರುತ್ತೇನೆ.

ಈಗ ಕ್ಯಾಮೆರಾ ಎತ್ತಿದರೆ ಕೇಳುವ ಮೊದಲ ಮಾತು ಬೇರೆ: ‘ಕಾರ್ಪೊರೇಷನ್ನಿಂದ ಬಂದಿದೀರ? ರೋಡ್ ಅಗಲ ಮಾಡ್ತಾರಾ?’ ಅವರ ಭಯ ನ್ಯಾಯವಾದದ್ದೇ. ಬಂದವರೆಲ್ಲ ತೆಗೆದುಕೊಂಡು ಹೋಗುತ್ತಾರೆ, ಯಾರೂ ತಿರುಗಿ ಬರುವುದಿಲ್ಲ. ಮೊಬೈಲಿಗೆ ಕಳಿಸಿದ ಚಿತ್ರ ಆ ಕ್ಷಣವೇ ತಲುಪುತ್ತದೆ, ಆದರೆ ಕಳಿಸಿದವನು ಆ ಮನೆಯ ಬಾಗಿಲಿಗೆ ಹೋಗಬೇಕಾಗಿಲ್ಲ. ಗುಂಪು ಕಟ್ಟಿಕೊಂಡು ಚಿತ್ರ ತೆಗೆಯಲು ನಡೆಯುವ ಹುಡುಗ ಹುಡುಗಿಯರು ಸಿಕ್ಕಾಗ ನಾನು ಲೆನ್ಸಿನ ಮಾತು ಆಡುವುದಿಲ್ಲ. ಒಂದು ಕಾಪಿ ಹಾಕಿಸಿ ಕೊಟ್ಟು ಬನ್ನಿ, ಮುಂದಿನ ಚಿತ್ರ ಅಲ್ಲಿ ಸಿಗುತ್ತದೆ ಎನ್ನುತ್ತೇನೆ.

ಮೊನ್ನೆ ಮೂಡಲಪಾಳ್ಯದಲ್ಲಿ ಹೂ ಕಟ್ಟುವ ಒಬ್ಬರಿಗೆ ಅವರ ಫೋಟೋ ಒಯ್ದು ಕೊಟ್ಟೆ. ಕೈ ಒರೆಸಿಕೊಂಡು ಅಂಚು ಹಿಡಿದು ನೋಡಿದರು. ‘ಚೆನ್ನಾಗದೆ ಸಾರ್. ಇನ್ನೆರಡು ಕಾಪಿ ಹಾಕ್ಸಿ, ದುಡ್ಡು ನಾನ್ ಕೊಡ್ತೀನಿ. ಒಂದು ತಂಗಿ ಮನೆಗೆ, ಒಂದು ತುಮಕೂರಲ್ಲಿರೋ ಮಗನಿಗೆ. ಭಾನುವಾರ ಬರ್ತೀರಲ್ಲ?’