ಕ್ಯಾಂಟನ್ನಿನಲ್ಲಿ 20 ದಿನ

ಪರದೇಶ ಪ್ರವಾಸವೆಂದರೆ ಗುಮಾಸ್ತರಾದ ನಮಗೆ ಕನಸಿನ ಮಾತು. ಆದರೂ 2023ರಲ್ಲಿ ಅಣ್ಣನನ್ನು ಕರೆದುಕೊಂಡು ನಾವು ಮುಂಬಯಿಯಿಂದ ಚೀನದ ಗುವಾಂಗ್‌ಝೌಗೆ ಹೊರಡಬೇಕಾಯಿತು. ಹಿಂದಿನವರು ಕ್ಯಾಂಟನ್ ಎನ್ನುತ್ತಿದ್ದ ಊರು ಇದೇ. ಮೂಗಿನ ಹಿಂದೆ, ಗಂಟಲಿನ ಮೇಲ್ಭಾಗದಲ್ಲಿ ಅಣ್ಣನಿಗಾಗಿದ್ದ ಗಡ್ಡೆ ಕಿರಣಚಿಕಿತ್ಸೆಯಿಂದ ಕರಗಿ, ಮೂರು ವರ್ಷಕ್ಕೆ ಮರಳಿ ತಲೆಯೆತ್ತಿತ್ತು. ಊರಿನಲ್ಲಿ ನಮ್ಮ ಪಾಲಿನ ಹೊಲ ಮಾರಿ ಹಣ ಹೊಂದಿಸಿದೆವು.

ದಕ್ಷಿಣ ಚೀನದಲ್ಲಿ ಈ ರೋಗ ಬಹಳ. ಅಲ್ಲಿನ ವೈದ್ಯರ ಕೈಯೂ ಅಷ್ಟೇ ಪಳಗಿದೆ. ಗಡ್ಡೆ ಮರುಕಳಿಸಿದ 200 ರೋಗಿಗಳಲ್ಲಿ ಅವರು ನಡೆಸಿದ ಪರೀಕ್ಷೆ 2021ರಲ್ಲಿ ಪ್ರಕಟವಾಯಿತು. ಎಂಡೋಸ್ಕೋಪ್ ಎಂಬ ಸಣ್ಣ ದುರ್ಬೀನನ್ನು ಮೂಗಿನೊಳಗೆ ತೂರಿಸಿ ಗಡ್ಡೆ ತೆಗೆಸಿಕೊಂಡವರಲ್ಲಿ ನೂರಕ್ಕೆ ಸುಮಾರು 86 ಮಂದಿ, ಮತ್ತೆ ಕಿರಣಚಿಕಿತ್ಸೆ ಪಡೆದವರಲ್ಲಿ 68 ಮಂದಿ ಮೂರು ವರ್ಷ ದಾಟಿದ್ದರು. ಆದರೆ ಗಡ್ಡೆ ಚಿಕ್ಕದಿದ್ದು, ಮೆದುಳಿನ ದೊಡ್ಡ ರಕ್ತನಾಳದಿಂದ ದೂರವಿದ್ದವರಿಗೆ ಮಾತ್ರ ಈ ಮಾರ್ಗ.

ಅಣ್ಣನ ಮುಖದ ಮೇಲೆ ಒಂದು ಗೀರೂ ಬೀಳಲಿಲ್ಲ. ಕೆಲವು ದಿನಗಳ ಮೇಲೆ ಪರ್ಲ್ ನದಿಯ ದಂಡೆಯಲ್ಲಿ ಮೆಲ್ಲನೆ ನಡೆಯುತ್ತ ಕೇಳಿದ: "ಬಾವಿಯ ಕಡೆಯ ಹೊಲವನ್ನೂ ಕೊಟ್ಟೆಯೇನೋ?"

"ಹೂಂ" ಎಂದೆವು.

ಬಹಳ ಹೊತ್ತಿನ ಮೇಲೆ, "ಮೊದಲು ಒಂದು ಕಿವಿ ಮುಚ್ಚಿಕೊಂಡಾಗಲೇ ತೋರಿಸಬೇಕಿತ್ತು" ಎಂದ.

ವಾಚಕರೇ, ಒಂದೇ ಕಿವಿ ಮಂದವಾದರೆ, ಮೂಗಿನಲ್ಲಿ ರಕ್ತ ಕಂಡರೆ, ಕತ್ತಿನಲ್ಲಿ ಗಂಟೆದ್ದರೆ ನೆಗಡಿಯೆಂದು ಕಡೆಗಣಿಸಬೇಡಿರಿ.