ಡ್ರೈವರ್ ಇಲ್ಲದ ಕಾರುಗಳು

ನಮ್ಮ ಕಡೆ, ಅಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ, ಕಾರು ಅಂದ್ರ ನಾಕು ಬಾಗಿಲು ಇರಬೇಕು, ಹಿಂದ ಡಿಕ್ಕಿ ಇರಬೇಕು. ಎರಡೇ ಬಾಗಿಲಿನ ಫೆರಾರಿ ಫೋಟೋ ತೋರಿಸಿದರೆ, "ಚಲೋ ಐತಿ, ಆದ್ರ ಮನಿ ಮಂದಿ ಎಲ್ಲಿ ಕುಂದರಬೇಕು?" ಅಂತಾರೆ. ಬೆಂಗಳೂರಿನ ಡೈಕಾಸ್ಟ್ ಗೆಳೆಯರ ನಡುವೆ ನಾನು ಬೇರೆಯಾಗಿ ಕಾಣೋದು ಇದೇ ಕಾರಣಕ್ಕೆ. ಅವರು ಪೋರ್ಷೆ, ಸ್ಕೈಲೈನ್ ಸಿಗಬಹುದು ಅಂತ ಅಂಗಡಿ ತೆರೆಯೋ ಮೊದಲೇ ಹೋಗಿ ನಿಲ್ಲುತ್ತಾರೆ. ಅವರು ಬಿಟ್ಟುಹೋದ ಬೆಂಜ್, ಬಿಎಂಡಬ್ಲ್ಯು, ಜಾಗ್ವಾರ್ ಸೆಡಾನ್‌ಗಳನ್ನ ನಾನು ಸಂಜೆ ಆಫೀಸ್ ಮುಗಿಸಿಕೊಂಡು ಆರಾಮಾಗಿ ಹೋಗಿ ತರ್ತೀನಿ. ಸದ್ಯಕ್ಕೆ 63 ಆಗಿವೆ.

ಗೊತ್ತಿಲ್ಲದವರಿಗೆ ಒಂದು ಮಾತು. ಡೈಕಾಸ್ಟ್ ಅಂದರೆ ಕರಗಿದ ಲೋಹವನ್ನ ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬಿ ಮಾಡಿದ ಗೊಂಬೆ. ಲೋಹ ಬಹುತೇಕ ಸತು, ಜೊತೆಗೆ ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ. 400 ಡಿಗ್ರಿಯೊಳಗೇ ಕರಗುತ್ತದೆ, ಅಚ್ಚಿನ ಸಣ್ಣ ಗೆರೆಯನ್ನೂ ಹಿಡಿಯುತ್ತದೆ. ಅಳತೆಗಳಲ್ಲಿ ಹೆಚ್ಚು ಓಡೋವು ಮೂರು: 1:18, 1:43, 1:64. ಐದೂಕಾಲು ಮೀಟರ್ ಉದ್ದದ ಬೆಂಜ್ ಎಸ್-ಕ್ಲಾಸ್ ಈ ಮೂರರಲ್ಲಿ 29, 12, 8 ಸೆಂಟಿಮೀಟರ್ ಆಗುತ್ತದೆ. ಅಸಲಿ ಕಾರು ಕೋಟಿ ದಾಟತೈತಿ. ಎಂಟು ಸೆಂಟಿಮೀಟರಿನದು ನಮ್ಮ ಒಂದು ಹೊತ್ತಿನ ಸ್ವಿಗ್ಗಿ ಬಿಲ್ಲಿಗೆ ಬರತೈತಿ.

ಈ ಸಣ್ಣ ಕಾರಿನ ಹುಟ್ಟಿನ ಕಥೆಯೂ ಚೆನ್ನಾಗಿದೆ. ಲಂಡನ್ನಿನ ಲೆಸ್ನಿ ಕಂಪನಿಯ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದು ಅಂತ ನಿಯಮವಿತ್ತಂತೆ. ಅವರು ಒಂದು ಪುಟ್ಟ ರೋಡ್ ರೋಲರ್ ಮಾಡಿ ಪೊಟ್ಟಣಕ್ಕೆ ಹಾಕಿ ಕಳಿಸಿದರು. ಅದರಿಂದ 1953ರಲ್ಲಿ ಮ್ಯಾಚ್‌ಬಾಕ್ಸ್ ಶುರುವಾಯಿತು. ಅಮೆರಿಕದ ಮ್ಯಾಟೆಲ್ 1968ರಲ್ಲಿ ಹಾಟ್ ವೀಲ್ಸ್ ತಂದಿತು, 1997ರಲ್ಲಿ ಮ್ಯಾಚ್‌ಬಾಕ್ಸನ್ನೂ ತನ್ನದಾಗಿಸಿಕೊಂಡಿತು.

ನನ್ನ ಕಪಾಟಿನಲ್ಲಿ ಲೋಹದ್ದಲ್ಲದ ಕಾರು ಒಂದೇ, ಸೆಂಟಿಯವರ ಬಿಳಿ ಅಂಬಾಸಿಡರ್. ಪ್ಲಾಸ್ಟಿಕ್ಕಿನದು, ಹಿಂದಕ್ಕೆ ಎಳೆದು ಬಿಟ್ಟರೆ ಓಡುತ್ತದೆ. ಸಂಗ್ರಹಕಾರರ ಲೆಕ್ಕಕ್ಕೆ ಅದು ಬರೋದಿಲ್ಲ. ನನ್ನ ಲೆಕ್ಕಕ್ಕೆ ಮೊದಲನೇದು ಅದೇ. ಅಪ್ಪ 24 ವರ್ಷ ಬನಹಟ್ಟಿಯ ಒಬ್ಬ ಸೀರೆ ಸಾವ್ಕಾರರ ಅಂಬಾಸಿಡರ್ ಹೊಡೆದವನು. ಮಗ್ಗದ ಸದ್ದಿನ ಓಣಿಯಿಂದ ಹೊರಟು ಜಮಖಂಡಿ, ಮುಧೋಳ, ಸೊಲ್ಲಾಪುರ, ಇಚಲಕರಂಜಿ ಅಂತ ಊರೂರು ತಿರುಗಿದ. ಆ ಕಾರಿನ ಹಿಂದಿನ ಸೀಟಿನಲ್ಲಿ ಒಂದು ದಿನವೂ ಕೂತವನಲ್ಲ. ನನ್ನ ಬಿಇ ಫೀಜು ಬಂದದ್ದು ಆ ಸ್ಟೀರಿಂಗಿನಿಂದ. ವ್ಯಾಪಾರ ಇಳಿದು ಕಾರು ಮಾರಿದ ದಿನ ಕೆಲಸವೂ ಮುಗಿಯಿತು. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಒಂದು ತಿಂಗಳ ಪಗಾರ, ಅವ್ವನಿಗೆ ಒಂದು ಇಳಕಲ್ ಸೀರೆ, ಅಷ್ಟೇ.

ಹೋದ ವರ್ಷ ಅಪ್ಪ ಬೆಂಗಳೂರಿಗೆ ಬಂದಿದ್ದ. ಕಪಾಟಿನಿಂದ 1:18ರ ಎಸ್-ಕ್ಲಾಸ್ ತಗೊಂಡು ಮೊದಲು ತೆರೆದದ್ದು ಎಡಗಡೆ ಹಿಂದಿನ ಬಾಗಿಲು. ಸಾವ್ಕಾರರು ಇಳಿಯುತ್ತಿದ್ದ ಬಾಗಿಲು ಅದು. ಆಮೇಲೆ ಬಾನೆಟ್ ಎತ್ತಿದ, ಡಿಕ್ಕಿ ನೋಡಿದ, ಸ್ಟೀರಿಂಗನ್ನ ಬೆರಳಿನಿಂದ ತಿರುಗಿಸಿದ. ಮುಂದಿನ ಚಕ್ರ ಹೊರಳಿದ್ದಕ್ಕೆ ಖುಷಿಪಟ್ಟ. ಕನ್ನಡಕ ಹಾಕಿಕೊಂಡು ಒಳಗೆ ಇಣುಕಿ, "ತಮ್ಮಾ, ಎಲ್ಲಾ ಮಾಡ್ಯಾರ, ಡ್ರೈವರ್ ಒಬ್ಬನ್ನ ಬಿಟ್ಟಾರಲ್ಲೋ" ಅಂದ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದೊಂದೇ ತೆಗೆದು ನೋಡಿದೆ. ಒಂದರಲ್ಲೂ ಡ್ರೈವರ್ ಇಲ್ಲ. ಮ್ಯಾಚ್‌ಬಾಕ್ಸಿನ ಹಳೇ ಟ್ರ್ಯಾಕ್ಟರುಗಳಲ್ಲಿ ಇರ್ತಿದ್ದ; ಸೆಡಾನ್‌ಗಳಲ್ಲಿ ಸಾಮಾನ್ಯವಾಗಿ ಇರೋದಿಲ್ಲ. ಸೀಟು ಖಾಲಿ ಇದ್ದರೆ ಕೈಯಲ್ಲಿ ಹಿಡಿದವನು ಮನಸ್ಸಿನಲ್ಲಿ ತಾನೇ ಹೋಗಿ ಕೂರಬಹುದು. ನಾನು ಇಷ್ಟು ವರ್ಷ ಕೂತದ್ದೆಲ್ಲ ಹಿಂದಿನ ಸೀಟಿನಲ್ಲೇ. ಅಪ್ಪನ ಕಣ್ಣು ಹೋದದ್ದು ಮುಂದಿನ ಸೀಟಿಗೆ.

ನಮ್ಮ ಊರಲ್ಲೂ ಒಂದು ಮಾದರಿ ಕಟ್ಟೋ ಪದ್ಧತಿ ಇದೆ ನೋಡ್ರಿ, ಮಣ್ಣೆತ್ತಿನ ಅಮವಾಸಿ. ಮಣ್ಣಿನ ಜೋಡೆತ್ತು ಮಾಡಿ, ಮುಂದೆ ಗ್ವಾದಲಿ ಇಟ್ಟು ಪೂಜೆ ಮಾಡ್ತಾರೆ. ಹಟ್ಟಿಯಲ್ಲಿ ಎತ್ತಿಲ್ಲದ ಮನೆಯವರೂ ತರ್ತಾರೆ. ಆ ಮಾದರಿಯಲ್ಲಿ ಹೊಲದ ಒಡೆಯ ಇರೋದಿಲ್ಲ, ದುಡಿಯೋ ಎತ್ತು ಇರ್ತದೆ, ಅದಕ್ಕೆ ಮೇವು ಹಾಕೋ ಜಾಗ ಇರ್ತದೆ. ನನ್ನ ಕಪಾಟಿನಲ್ಲಿ ಒಡೆಯ ಕೂರೋ ಸೀಟಿಗೆ ಹೊಲಿಗೆಯ ಗೆರೆ ಸಹ ಬಿಡಿಸಿದ್ದಾರೆ, ದುಡಿಯೋನ ಗುರುತಿಲ್ಲ.

ಊರಿಗೆ ಹೊರಡೋ ಹಿಂದಿನ ದಿನ ಅಪ್ಪನಿಗೆ ಹೇಳಿದೆ, "ಸೆಕೆಂಡ್ ಹ್ಯಾಂಡ್ ಬೆಂಜ್ ನೋಡೀನಿ, ಇಎಂಐ ಹೊಂದತೈತಿ." ಅಪ್ಪ ಬೇಡ ಅನ್ನಲಿಲ್ಲ. "ತಗೋ. ನೀನ ಹೊಡಿ. ಡ್ರೈವರ್ ಇಟ್ಟಿ ಅಂದ್ರ ಪಗಾರ ಒಂದನೇ ತಾರೀಖಿಗೆ ಕೊಡು. ನೀ ಮದುವಿಗೆ ಹೋದಾಗ ಅವಗ ಮೊದಲ ಉಣ್ಣಾಕ ಕಳಸು. ನಾವು ಉಣ್ಣೂದ್ರಾಗ ಸಾರು ಬರೇ ನೀರ ಉಳೀತಿತ್ತು" ಅಂದ. ಸಿಟ್ಟಿನಿಂದ ಹೇಳಿದ್ದಲ್ಲ. ಟೈರಿಗೆ ಎಷ್ಟು ಗಾಳಿ ಹಾಕಬೇಕು ಅಂತ ಹೇಳುವ ಧ್ವನಿಯಲ್ಲೇ ಹೇಳಿದ.

ಕಾರು ಇನ್ನೂ ತಗೊಂಡಿಲ್ಲ, ಯೋಚನೆ ನಡೆದಿದೆ. ಈ ನಡುವೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತ ದೊಡ್ಡ ಕಾರುಗಳ ಪಕ್ಕ ಹೋಗಿ ಮಾತಾಡ್ತಾ ಬಂದೆ. ಒಂಬತ್ತು ಜನ ಡ್ರೈವರ್‌ಗಳು ಇದ್ದಾರೆ. ಒಬ್ಬ ಬೀಳಗಿ ಕಡೆಯವನು, ಅವರ ಹೊಲ ಆಲಮಟ್ಟಿ ಹಿನ್ನೀರಿಗೆ ಹೋಗಿದೆ. "ಎಲ್ಲಿ ಕುಂದರತೀರಿ?" ಅಂತ ಕೇಳಿದೆ. "ಕಾರಿನ್ಯಾಗರೀ ಸರ, ಎಸಿ ಹಾಕಂಗಿಲ್ಲ" ಅಂದ. ಅಸೋಸಿಯೇಷನ್ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಆರು ಕುರ್ಚಿ, ಒಂದು ಫ್ಯಾನು, ಕುಡಿಯೋ ನೀರಿನ ಕ್ಯಾನು ಬಂದವು. ಶೌಚಾಲಯದ ಮಾತು ಬಂದಾಗ ಮಾತ್ರ "ಸೆಕ್ಯುರಿಟಿ ಇಶ್ಯೂ" ಅಂದರು. ಅದು ಮುಂದಿನ ತಿಂಗಳ ಮೀಟಿಂಗಿಗೆ ಹೋಗಿದೆ, ನಾನೂ ಹೋಗ್ತೀನಿ. ನಿಮ್ಮ ಬೇಸ್‌ಮೆಂಟಿನಲ್ಲಿ ಹೆಂಗೈತಿ, ಒಮ್ಮೆ ಕೆಳಗಿಳಿದು ನೋಡಿ ಬರ್ರಿ.